ಸಾಲ್ವಡಾರಿಗೆ ಹೋದರೆ ವಾರ ನೋಡಿ ಹೋಗಿ

ಬ್ರೆಜಿಲಿಗೆ ಒಬ್ಬರೇ ಹೊರಟವರು, ಅದರಲ್ಲೂ ನನ್ನಂಥ ಐವತ್ತು ದಾಟಿದ ಹೆಂಗಸರು, ಸಾಲ್ವಡಾರಿನಲ್ಲಿ ಏನೇನು ನೋಡಬೇಕು ಎಂದು ಕೇಳಿದರೆ ನಾನು ಜಾಗಗಳ ಪಟ್ಟಿ ಕೊಡುವುದಿಲ್ಲ. ಯಾವ ವಾರ ಎಲ್ಲಿರಬೇಕು ಎಂದು ಹೇಳುತ್ತೇನೆ. ನಮ್ಮಲ್ಲಿ ಸೋಮವಾರ ಶಿವನಿಗೆ, ಶನಿವಾರ ಹನುಮಂತನಿಗೆ ಎಂದಿರುವಂತೆ ಆ ಊರಿನಲ್ಲೂ ಒಂದೊಂದು ವಾರ ಒಂದೊಂದು ದೇವರಿಗೆ ಸೇರಿದ್ದು. ಆಫ್ರಿಕಾದಿಂದ ಗುಲಾಮರಾಗಿ ಬಂದವರು ತಮ್ಮ ಒರಿಶಾಗಳನ್ನು, ಅಂದರೆ ಯೊರುಬಾ ಜನರ ದೇವತೆಗಳನ್ನು, ಕ್ಯಾಥೊಲಿಕ್ ಸಂತರ ಹೆಸರಿನ ಮರೆಯಲ್ಲಿ ಕಾಪಾಡಿಕೊಂಡು ಬಂದ ಊರು ಅದು. ಆ ದಿನ ಜನ ಎಲ್ಲಿ ಸೇರುತ್ತಾರೋ ಅಲ್ಲಿಗೆ ನಾವೂ ಹೋದರೆ ಒಂಟಿತನವೂ ಕಾಡುವುದಿಲ್ಲ, ಭಯವೂ ಕಡಿಮೆ.

ಮಂಗಳವಾರ ಸಂಜೆಯನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಿಕೊಳ್ಳಬಾರದು. ಹಳೆಯ ಪೇಟೆ ಪೆಲೊರಿನ್ಯುವಿನ ಇಳಿಜಾರಿನಲ್ಲಿ ನೀಲಿ ಬಣ್ಣದ ಒಂದು ಚರ್ಚು ಇದೆ, ಕಪ್ಪು ಜನರ ರೊಸಾರಿಯೊ ಮಾತೆಯದು. ಸಾಲ್ವಡಾರ್ 1549ರಿಂದ 1763ರವರೆಗೆ ಬ್ರೆಜಿಲಿನ ರಾಜಧಾನಿಯಾಗಿತ್ತು. ಕಬ್ಬಿನ ಗದ್ದೆಗಳಿಗೆ ಗುಲಾಮರನ್ನು ಇಳಿಸುತ್ತಿದ್ದ ದೊಡ್ಡ ಬಂದರೂ ಇದೇ. ಪೆಲೊರಿನ್ಯು ಎಂಬ ಹೆಸರು ಬಂದದ್ದೇ ಗುಲಾಮರನ್ನು ಕಟ್ಟಿ ಛಡಿಯೇಟು ಕೊಡುತ್ತಿದ್ದ ಕಂಬದಿಂದ. ಬಿಳಿಯರ ಚರ್ಚಿನಲ್ಲಿ ಜಾಗವಿಲ್ಲದ ಕಪ್ಪು ಜನರು ಸಂಘ ಕಟ್ಟಿಕೊಂಡು, 18ನೆಯ ಶತಮಾನದ ಆರಂಭದಲ್ಲಿ ತಮ್ಮದೇ ಚರ್ಚು ಕಟ್ಟಲು ಹೊರಟರು. ಒಡೆಯನ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಕಟ್ಟಬೇಕಾಗಿದ್ದರಿಂದ ಕೆಲಸ ದಶಕಗಟ್ಟಲೆ ನಡೆಯಿತು.

ಅಲ್ಲಿ ಮಂಗಳವಾರ ಸಂಜೆಯ ಪೂಜೆ ನಡೆಯುವುದು ಡೋಲಿನ ಜೊತೆ. ಪಾದ್ರಿಯ ಮಂತ್ರಗಳ ನಡುವೆ ಅತಬಾಕಿ ಎಂಬ ಉದ್ದನೆಯ ಚರ್ಮವಾದ್ಯಗಳು ಶುರುವಾಗುತ್ತವೆ, ಇಡೀ ಚರ್ಚು ತೂಗಾಡುತ್ತದೆ. ಕಾಣಿಕೆಯ ಹೊತ್ತಿಗೆ ಹೆಂಗಸರು ರೊಟ್ಟಿಯ ಬುಟ್ಟಿಗಳನ್ನು ಹೊತ್ತು ಕುಣಿಯುತ್ತಲೇ ಮುಂದೆ ಹೋಗುತ್ತಾರೆ. ಆಮೇಲೆ ಆ ರೊಟ್ಟಿ ಎಲ್ಲರಿಗೂ ಹಂಚಿಕೆಯಾಗುತ್ತದೆ. ಪೂಜೆಯ ಮಧ್ಯೆ ಪಕ್ಕದವರಿಗೆ ಶಾಂತಿ ಕೋರುವ ಘಟ್ಟವೊಂದಿದೆ. ಬೇರೆ ಕಡೆ ಕೈಕುಲುಕಿ ಮುಗಿಸುತ್ತಾರೆ, ಇಲ್ಲಿ ಸಾಲು ದಾಟಿ ಬಂದು ತಬ್ಬಿಕೊಳ್ಳುತ್ತಾರೆ. ನನ್ನ ಮುಂದಿನ ಬೆಂಚಿನಲ್ಲಿದ್ದ ಬಿಳಿ ಕೂದಲಿನ ಅಜ್ಜಿಯೊಬ್ಬರು ತಿರುಗಿ ನನ್ನನ್ನು ಅಪ್ಪಿಕೊಂಡರು. ಊರು ಬಿಟ್ಟು ಬಂದ ಮೇಲೆ ಯಾರೂ ನನ್ನನ್ನು ಮುಟ್ಟಿ ಮಾತನಾಡಿಸಿರಲಿಲ್ಲ ಎಂಬುದು ಆಗಲೇ ನನಗೆ ಹೊಳೆದದ್ದು. ಒಬ್ಬರೇ ತಿರುಗುವವರಿಗೆ ಊಟ, ವಸತಿಗಿಂತ ಮೊದಲು ಬತ್ತಿಹೋಗುವುದು ಇದೇ. ಚರ್ಚಿನಿಂದ ಹೊರಬಂದರೆ ಓಣಿಗಳಲ್ಲೂ ಸಂಗೀತ ಇರುತ್ತದೆ, ಜನ ಇರುತ್ತಾರೆ, ತಡವಾಗಿ ಕೋಣೆಗೆ ಮರಳಿದರೂ ದಾರಿ ನಿರ್ಜನವಾಗಿರುವುದಿಲ್ಲ.

ಭದ್ರತೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು, ಯಾಕೆಂದರೆ ಅಲ್ಲಿಗೆ ಹೋಗಬೇಡ ಎನ್ನುವವರೇ ಹೆಚ್ಚು. ಸಾಲ್ವಡಾರಿನಲ್ಲಿ ಮೇಲೂರು, ಕೆಳಗೂರು ಎಂದು ಎರಡು ಭಾಗ, ನಡುವೆ ಕಡಿದಾದ ಗುಡ್ಡ. ಎರಡನ್ನೂ ಜೋಡಿಸುವ ಇಳಿಜಾರು ರಸ್ತೆಗಳಲ್ಲಿ ಹಗಲಲ್ಲೂ ಒಬ್ಬರೇ ನಡೆಯುವುದು ಬೇಡ. ಅದರ ಬದಲಿಗೆ 1873ರಿಂದ ಲಸೆರ್ದಾ ಲಿಫ್ಟು ಇದೆ, 72 ಮೀಟರ್ ಎತ್ತರವನ್ನು ಅರ್ಧ ನಿಮಿಷದಲ್ಲಿ ಹತ್ತಿಸುತ್ತದೆ. ಸ್ಥಳೀಯರು ದಿನಾ ಬಳಸುವುದು ಅದನ್ನೇ. ಮೊಬೈಲನ್ನು ರಸ್ತೆಯಲ್ಲಿ ಕೈಯಲ್ಲಿ ಹಿಡಿದು ನಡೆಯಬೇಡಿ. ದಾರಿ ನೋಡಬೇಕಾದರೆ ಅಂಗಡಿಯೊಳಗೆ ಹೋಗಿ ನೋಡಿ. ಯಾವ ಓಣಿಗೆ ಹೋಗಬಾರದು ಎಂಬುದನ್ನು ನೀವು ಇಳಿದುಕೊಂಡ ಮನೆಯ ಯಜಮಾನಿಯನ್ನು ಕೇಳಿ, ಆಕೆ ಬೆರಳಿಟ್ಟು ತೋರಿಸುತ್ತಾಳೆ. ಆ ಮಾತನ್ನು ಅಕ್ಷರಶಃ ಪಾಲಿಸಿ.

ಊಟದ ವಿಚಾರ. ಸಾಲ್ವಡಾರ್ ಇರುವ ಬಹಿಯಾ ರಾಜ್ಯದ ಹೆಸರಾಂತ ಮೀನಿನ ಸಾರು ಮೊಕೆಕಾ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಇಬ್ಬರಿಗಾಗುವಷ್ಟು ದೊಡ್ಡ ಮಣ್ಣಿನ ಪಾತ್ರೆಯಲ್ಲಿ ಬರುತ್ತದೆ, ಬೆಲೆಯೂ ಇಬ್ಬರದೇ. ಒಬ್ಬರೇ ಇದ್ದವರಿಗೂ ಸಸ್ಯಾಹಾರಿಗಳಿಗೂ ಒಪ್ಪುವುದು ಕಿಲೋ ಲೆಕ್ಕದ ಹೋಟೆಲು. ತಟ್ಟೆ ಹಿಡಿದು ಅನ್ನ, ಹುರುಳಿಕಾಯಿಯ ಬೀಜ, ಬೆಂಡೆಕಾಯಿ, ಮರಗೆಣಸು, ಹಣ್ಣು ಏನು ಬೇಕೋ ಬಡಿಸಿಕೊಂಡು ತೂಕಕ್ಕಿಟ್ಟು ಹಣ ಕೊಡುವುದು. ಮಧ್ಯಾಹ್ನ ಅಲ್ಲಿ ಆಫೀಸಿನವರೂ ಒಬ್ಬೊಬ್ಬರೇ ಕೂತು ಉಣ್ಣುತ್ತಾರೆ, ಖಾಲಿ ಕುರ್ಚಿಯ ಮುಜುಗರ ಇರುವುದಿಲ್ಲ.

ಸಂಜೆಗೆ ಅಕರಜೆ. ರಸ್ತೆ ಮೂಲೆಯಲ್ಲಿ ಅಗಲವಾದ ಬಿಳಿ ಲಂಗ, ತಲೆಗೆ ಬಿಳಿ ಬಟ್ಟೆ, ಕೊರಳ ತುಂಬ ಮಣಿಸರ ಹಾಕಿಕೊಂಡ ಬಾಯಾನಾ, ಅಂದರೆ ಬಹಿಯಾದ ಹೆಂಗಸು, ಬಾಣಲೆ ಮುಂದೆ ಕೂತಿರುತ್ತಾಳೆ. ಅಲಸಂದೆ ಕಾಳು ನೆನೆಹಾಕಿ, ಸಿಪ್ಪೆ ತೆಗೆದು, ಈರುಳ್ಳಿ ಉಪ್ಪು ಸೇರಿಸಿ ರುಬ್ಬಿ, ದೆಂದೆ ಎಂಬ ಕೆಂಪು ತಾಳೆಎಣ್ಣೆಯಲ್ಲಿ ಕರಿಯುವುದು. ಅದನ್ನು ಸೀಳಿ ಒಳಗೆ ತುಂಬುವ ವತಪಾ, ಕರುರು ಎರಡರಲ್ಲೂ ಒಣ ಸಿಗಡಿ ಇರುತ್ತದೆ. ಸಸ್ಯಾಹಾರಿಗಳು ಟೊಮೆಟೊ ಮಾತ್ರ ಹಾಕಿಸಿಕೊಳ್ಳಬಹುದು. ಅದೇ ಅಲಸಂದೆಯನ್ನು ಬಾಳೆಲೆಯಲ್ಲಿ ಬೇಯಿಸಿದ ಅಬರಾದ ಹಿಟ್ಟಿಗೇ ಸಿಗಡಿ ಬೆರೆಸುವುದುಂಟು, ಕೇಳಿ ತಿನ್ನಿ. ಅಕರಜೆ ಮೂಲತಃ ಗಾಳಿ, ಸಿಡಿಲುಗಳ ದೇವಿ ಇಯಾನ್ಸಾಳ ನೈವೇದ್ಯ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಹೆಂಗಸರು ಇದನ್ನು ಮಾರಿ ಸಂಸಾರ ಸಾಗಿಸಿದರು. ಅವರ ಈ ಕಸುಬನ್ನು 2005ರಲ್ಲಿ ಬ್ರೆಜಿಲ್ ಸರ್ಕಾರ ರಾಷ್ಟ್ರೀಯ ಪರಂಪರೆಯೆಂದು ದಾಖಲಿಸಿತು. ಸರದಿಯಲ್ಲಿ ನಿಂತಾಗ ಅವಸರ ಮಾಡಬೇಡಿ. ಹಿಟ್ಟನ್ನು ಮರದ ಸೌಟಿನಲ್ಲಿ ಬಡಿದು ಹಗುರ ಮಾಡುವ ಅವಳ ಕೈಯನ್ನು ನೋಡುತ್ತ ನಿಲ್ಲುವುದೇ ಒಂದು ಸೊಗಸು.

ಸೋಮವಾರ ಸಂತ ಲಾಜರನ ಚರ್ಚಿನ ಮುಂದೆ ರೋಗ ತರುವ, ರೋಗ ಕಳೆಯುವ ಒಮೊಲುವಿನ ಹೆಸರಿನಲ್ಲಿ ಜನ ಮೈಮೇಲೆ ಮೆಕ್ಕೆಜೋಳದ ಅರಳು ಸುರಿಸಿಕೊಳ್ಳುತ್ತಾರೆ. ಶುಕ್ರವಾರ ಒಶಲಾ ಎಂಬ ಒರಿಶಾನದು, ಬಿಳಿಯ ದಿನ. ಬ್ಯಾಂಕಿನಲ್ಲಿ, ಬಸ್ಸಿನಲ್ಲಿ ಬಿಳಿ ಬಟ್ಟೆ ಕಾಣುತ್ತದೆ. ನಾನೂ ಬಿಳಿ ಕುರ್ತಾ ಹಾಕಿಕೊಂಡು ಬೊಂಫಿಂ ಚರ್ಚಿಗೆ ಹೋದೆ. ಅದರ ಕಟಕಟೆಯ ತುಂಬ ಬಣ್ಣದ ರಿಬ್ಬನ್ನುಗಳು. ಮೂರು ಗಂಟು ಹಾಕುವುದು, ಒಂದೊಂದಕ್ಕೆ ಒಂದೊಂದು ಹರಕೆ. ಒಳಗಿನ ಒಂದು ಕೋಣೆಯ ಮಾಡಿನಿಂದ ಮೇಣದ ಕೈ, ಕಾಲು, ತಲೆಗಳು ತೂಗುತ್ತಿರುತ್ತವೆ, ಗುಣವಾದವರು ಒಪ್ಪಿಸಿದವು. ಹೊರಗೆ ರಿಬ್ಬನ್ ಮಾರುವವರು ಕೇಳದೆಯೇ ಮಣಿಕಟ್ಟಿಗೆ ಕಟ್ಟಲು ಬರುತ್ತಾರೆ. ಬೇಕಿದ್ದರೆ ಮೊದಲು ಬೆಲೆ ಕೇಳಿ, ಬೇಡವಾದರೆ ನಗುತ್ತಲೇ ಬೇಡ ಅನ್ನಿ, ಬಿಟ್ಟುಬಿಡುತ್ತಾರೆ.

ಕಾಂದೊಂಬ್ಲೆ, ಅಂದರೆ ಒರಿಶಾಗಳ ಆರಾಧನೆ, ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಪ್ರದರ್ಶನದಂತೆ ಟಿಕೆಟ್ಟಿಗೆ ತೋರಿಸುವ ಕಡೆ ಹೋಗಬೇಡಿ. ಬಹಿಯಾದಲ್ಲಿ 1976ರವರೆಗೂ ಆರಾಧನೆಯ ಮನೆಗಳು ಪೊಲೀಸರ ಪರವಾನಗಿ ಪಡೆಯಬೇಕಾಗಿತ್ತು. ಅಷ್ಟು ಅವಮಾನ ಸಹಿಸಿ ಉಳಿದು ಬಂದ ಪೂಜೆ ಅದು. 1984ರಲ್ಲಿ ಅಂಥ ಹಳೆಯ ಮನೆಗಳಲ್ಲೊಂದಾದ ಕಾಸಾ ಬ್ರಾಂಕಾ ರಾಷ್ಟ್ರೀಯ ಸ್ಮಾರಕವಾಯಿತು. ಕೆಲವು ಹಬ್ಬಗಳು ಹೊರಗಿನವರಿಗೂ ತೆರೆದಿರುತ್ತವೆ. ಪರಿಚಯದ ಒಬ್ಬರ ಮೂಲಕ ಕೇಳಿಸಿ. ತಿಳಿಬಣ್ಣದ, ಮೈ ಮುಚ್ಚುವ ಬಟ್ಟೆ ಉಟ್ಟು ಹೋಗಿ, ಹೆಂಗಸರ ಕಡೆ ಹೆಂಗಸರು, ಗಂಡಸರ ಕಡೆ ಗಂಡಸರು ಕೂರಬೇಕು, ಫೋನು ಚೀಲದಲ್ಲಿರಲಿ. ನನ್ನನ್ನು ಕರೆದೊಯ್ದ ಗೆಳತಿ ರಾತ್ರಿ ಬಹಳ ಹೊತ್ತು ಒಂದು ಮಾತನ್ನೂ ವಿವರಿಸಲಿಲ್ಲ. ಅದೇ ಸರಿ ಅನ್ನಿಸಿತು.

ಭಾರತೀಯರು ಪೆಲೊರಿನ್ಯುವಿನಲ್ಲಿ ಹುಡುಕಿ ಹೋಗಬೇಕಾದ ಇನ್ನೊಂದು ಬಾಗಿಲಿದೆ, ಫಿಲ್ಯೋಸ್ ಡಿ ಗಾಂಧಿ ತಂಡದ್ದು, ಅಂದರೆ ಗಾಂಧಿಯ ಮಕ್ಕಳು. ಗಾಂಧೀಜಿ ತೀರಿಕೊಂಡ ಮರುವರ್ಷ, 1949ರಲ್ಲಿ, ಬಂದರಿನಲ್ಲಿ ಮೂಟೆ ಹೊರುವ ಕಪ್ಪು ಕೂಲಿಗಳು ಕಾರ್ನಿವಲ್ ಮೆರವಣಿಗೆಗೆಂದು ಕಟ್ಟಿದ ತಂಡ. ಬಿಳಿ ನಿಲುವಂಗಿ, ಟವೆಲ್ಲಿನ ಮುಂಡಾಸು, ನೀಲಿ ಬಿಳಿ ಮಣಿಸರ, ಕಾಂದೊಂಬ್ಲೆಯಿಂದ ಬಂದ ಇಜೆಶಾ ತಾಳ. ಅಹಿಂಸೆಯನ್ನು ಅವರು ಯಾವ ಪುಸ್ತಕದಿಂದಲೂ ಎತ್ತಿಕೊಳ್ಳಲಿಲ್ಲ, ಹಗಲೆಲ್ಲ ಹೊರೆ ಹೊತ್ತ ಹೆಗಲಿನಿಂದ ಎತ್ತಿಕೊಂಡರು. ಅಲ್ಲಿನ ಹಿರಿಯರೊಬ್ಬರು ನಾನು ಭಾರತದವಳೆಂದು ತಿಳಿದು ಎದ್ದುನಿಂತು ಎರಡೂ ಕೈ ಹಿಡಿದುಕೊಂಡರು. ನನ್ನ ಮುರುಕು ಪೋರ್ಚುಗೀಸಿನಲ್ಲಿ ಹೇಳಲು ಏನೂ ಸಿಗದೆ ನಾನು ಕೈಮುಗಿದೆ, ಅವರೂ ಮುಗಿದರು.

ಭಾನುವಾರ ಪೊರ್ತೊ ದ ಬಾರ್ರಾ ಕಡಲತೀರ. ಬ್ರೆಜಿಲಿನ ಕರಾವಳಿ ಇರುವುದು ಪೂರ್ವಕ್ಕೆ. ಆದರೆ ಈ ತೀರ ಸಕಲ ಸಂತರ ಕೊಲ್ಲಿಯ ಒಳಬಾಗಿಲಲ್ಲಿ ಪಶ್ಚಿಮಕ್ಕೆ ಮುಖಮಾಡಿರುವುದರಿಂದ ಸೂರ್ಯ ನೀರಿನಲ್ಲೇ ಮುಳುಗುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ಈಜಲು ಇಳಿಯುವಾಗ ಪಕ್ಕದ ಕುಟುಂಬಕ್ಕೆ ಚೀಲ ನೋಡಿಕೊಳ್ಳಿ ಅನ್ನುವುದು ಅಲ್ಲಿನ ರೂಢಿ. ಆದರೂ ಪಾಸ್‌ಪೋರ್ಟು, ಹೆಚ್ಚಿನ ದುಡ್ಡು ಕೋಣೆಯಲ್ಲೇ ಇರಲಿ.

ಹೊರಡುವ ಮುಂಚಿನ ಕೆಲಸ ಒಂದಿದೆ. ಬ್ರೆಜಿಲಿನಿಂದ ಮರಳುವಾಗ ಭಾರತದ ವಿಮಾನ ನಿಲ್ದಾಣದಲ್ಲಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಇಲ್ಲದಿದ್ದರೆ 6 ದಿನಗಳವರೆಗೆ ಕ್ವಾರಂಟೈನಿನಲ್ಲಿ ಇರಿಸಬಹುದು. ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ 10 ದಿನಗಳ ನಂತರ. ಬೆಂಗಳೂರಿನಲ್ಲಿ ಅಧಿಕೃತ ಲಸಿಕಾ ಕೇಂದ್ರಗಳಿವೆ, ಮುಂಗಡವಾಗಿ ದಿನ ಗೊತ್ತುಮಾಡಿಕೊಳ್ಳಬೇಕು. ಅರವತ್ತು ದಾಟಿದವರು ಮೊದಲು ತಮ್ಮ ವೈದ್ಯರನ್ನು ಕೇಳಿ, ಆಮೇಲೆ ವೀಸಾಕ್ಕೆ ಅರ್ಜಿ ಹಾಕಿ.