ಡೀಸೆಲ್ ಪಂಪುಸೆಟ್ಟಿನ ವಾಪಸು ಕೊಳವೆ : ಅದರ ಕೆಲಸವೂ ರಕ್ಷಣೆಯೂ

ನೆಲಮಂಗಲ ತಾಲ್ಲೂಕು ಸೋಂಪುರ ಹೋಬಳಿಯಲ್ಲಿ ಶಿವಗಂಗೆ ಬೆಟ್ಟದ ಸುತ್ತಲಿನ ಬೆದ್ದಲು ಜಮೀನುಗಳಿಗೆ ರಾಗಿಯೇ ಮುಖ್ಯವಾದ ಬೆಳೆ. ತೆನೆ ಹೊರಡುವ ಕಾಲದಲ್ಲಿ ಮಳೆ ತಪ್ಪಿದರೆ, ಹೊಂಡದ ನೀರನ್ನೆತ್ತಿ ಒಂದು ಸಲ ಹಾಯಿಸಿದ ಹೊಲದ ಬೆಳೆಯು ಉಳಿಯುವುದು. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ರಾಜ್ಯದ ಒಣ ಪ್ರದೇಶಗಳಿಗೆ ಕೃಷಿಹೊಂಡಗಳೊಡನೆ ಡೀಸೆಲ್ ಪಂಪುಸೆಟ್ಟುಗಳೂ ಬಂದವು. ಬೇಕಾದ ದಿವಸವೇ ಎಂಜಿನು ನಿಂತರೆ ಆಗುವ ನಷ್ಟವು ರಿಪೇರಿಯ ವೆಚ್ಚಕ್ಕಿಂತ ಎಷ್ಟೋ ಪಾಲು ಹೆಚ್ಚು. ಹೀಗೆ ನಿಲ್ಲುವುದಕ್ಕೆ ಒಂದು ಸಣ್ಣ ಕೊಳವೆಯೂ ಕಾರಣವಾಗಬಹುದು.

ಎಣ್ಣೆಯ ದಾರಿ.— ಸಣ್ಣ ಎಂಜಿನುಗಳಲ್ಲಿ ಡೀಸೆಲ್ ಎಣ್ಣೆಯು ಮೇಲಿನ ಟ್ಯಾಂಕಿನಿಂದ ತಾನಾಗಿ ಇಳಿದು, ಫಿಲ್ಟರಿನಲ್ಲಿ ಶುದ್ಧವಾಗಿ, ಇಂಧನ ಪಂಪನ್ನು ಸೇರುವುದು. ಪಂಪು ಅದನ್ನು ದಪ್ಪ ಉಕ್ಕಿನ ಕೊಳವೆಯ ಮೂಲಕ ನಾಝಲಿಗೆ ಒತ್ತುವುದು. ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋಗ್ರಾಮಿನಷ್ಟಾದಾಗ ನಾಝಲಿನೊಳಗಿನ ಸೂಜಿಯು ಸ್ಪ್ರಿಂಗನ್ನು ಮೇಲಕ್ಕೆ ತಳ್ಳಿ ಏಳುವುದು. ಎಣ್ಣೆಯು ಮಂಜಿನಂತೆ ಸಿಲಿಂಡರಿನೊಳಕ್ಕೆ ಸಿಡಿಯುವುದು.

ಆ ಸೂಜಿಯು ಎಷ್ಟೇ ಬಿಗಿಯಾಗಿ ಕೂತಿದ್ದರೂ ಅದರ ಪಕ್ಕದಿಂದ ಸ್ವಲ್ಪ ಎಣ್ಣೆ ಮೇಲಕ್ಕೆ ಜಿನುಗುವುದು. ಇದು ದೋಷವಲ್ಲ, ಸೂಜಿ ಸವೆಯದಂತೆ ಜಾರುಗೊಡುವುದು ಈ ಎಣ್ಣೆಯೇ. ಹೀಗೆ ಜಿನುಗಿದ್ದನ್ನು ಟ್ಯಾಂಕಿಗೆ ಅಥವಾ ಫಿಲ್ಟರಿಗೆ ಒಯ್ಯುವುದೇ ವಾಪಸು ಕೊಳವೆ. ದೊಡ್ಡ ಎಂಜಿನುಗಳಲ್ಲಿ ಪಂಪಿಗೆ ಹೆಚ್ಚಾದ ಎಣ್ಣೆಯೂ ಇಂಥ ಕೊಳವೆಯಿಂದಲೇ ಹಿಂದಿರುಗುವುದು. ಅದರೊಡನೆ ಬಿಸಿಯೂ ಗಾಳಿಯ ಗುಳ್ಳೆಗಳೂ ಹೊರಟುಹೋಗುವುವು.

ಮುಚ್ಚಿದರೆ ಆಗುವ ಹಾನಿ.— ಕೊಳವೆಯು ಮಡಿಚಿದರೆ, ಕಸ ಕಟ್ಟಿದರೆ, ಅಥವಾ ಸೋರುವುದೆಂದು ಯಾರಾದರೂ ಬೆಣೆ ಹೊಡೆದರೆ, ಎಣ್ಣೆಯು ಸ್ಪ್ರಿಂಗಿನ ಮನೆಯಲ್ಲಿ ಸೇರಿಕೊಂಡು ಸೂಜಿಯನ್ನು ಮೇಲಿನಿಂದ ಅದುಮುವುದು. ಸೂಜಿಯು ಸರಿಯಾಗಿ ಏಳದೆ ಎಂಜಿನು ತಡವರಿಸುವುದು, ಬಲಗುಂದುವುದು. ಕೊಳವೆ ಒಡೆದಿದ್ದರೆ ಎಣ್ಣೆ ನಷ್ಟವಾಗುವುದು. ಕಾದ ಹೊಗೆ ಕೊಳವೆಯ ಮೇಲೆ ಬಿದ್ದರೆ ಬೆಂಕಿಯ ಭಯವುಂಟು. ಹೊಂಡಕ್ಕೆ ಹರಿದರೆ ನೀರೂ ಕೆಡುವುದು.

ಪರೀಕ್ಷಿಸುವ ಕ್ರಮ.— ಎಂಜಿನನ್ನು ನಿಲ್ಲಿಸಿ, ವಾಪಸು ಕೊಳವೆಯ ಟ್ಯಾಂಕಿನ ಕಡೆಯ ತುದಿಯನ್ನು ಬಿಚ್ಚಿ, ಟ್ಯಾಂಕಿನ ಬಾಯನ್ನು ಭದ್ರಪಡಿಸಿ, ಆ ತುದಿಯನ್ನು ಸೀಸೆಯೊಳಗಿಡಬೇಕು. ಬಳಿಕ ಎಂಜಿನನ್ನು ಎಂದಿನ ಕೆಲಸದಲ್ಲಿ ನಡೆಸಿ ನೋಡತಕ್ಕದ್ದು. ಆಗೊಮ್ಮೆ ಈಗೊಮ್ಮೆ ಹನಿ ಬಿದ್ದರೆ ಕ್ಷೇಮ. ಧಾರೆಯಾಗಿ ಬಂದರೆ ನಾಝಲು ಸವೆದಿದೆಯೆಂದು ತಿಳಿಯಬೇಕು. ಒಡೆದ ಕೊಳವೆಯಿಂದ ಗಂಟೆಗೆ 100 ಮಿಲಿಲೀಟರು ನೆಲಕ್ಕೆ ಹೋದರೂ 8 ಗಂಟೆಗಳ ಕೆಲಸದಲ್ಲಿ 800 ಮಿಲಿಲೀಟರು ನಷ್ಟ.

ರೈತರು ಗಮನಿಸತಕ್ಕ ಅಂಶಗಳು.—

1. ವಾಪಸು ಕೊಳವೆಗೆ ಬೆಣೆಯನ್ನಾಗಲಿ ತಿರುಪನ್ನಾಗಲಿ ಹಾಕಕೂಡದು.

2. ಡೀಸೆಲ್ಲಿಗೆ ತಾಳುವ ಕೊಳವೆಯನ್ನೇ ಕೊಳ್ಳಬೇಕು. ಸಾಮಾನ್ಯ ರಬ್ಬರು ಉಬ್ಬಿ ಮೆತ್ತಗಾಗುವುದು.

3. ಕೀಲು ಬಿಚ್ಚಿದಾಗಲೆಲ್ಲಾ ತಾಮ್ರದ ಹೊಸ ವಾಷರು ಹಾಕುವುದು ಲೇಸು.

4. ನಾಝಲು ಸಿಡಿಯುವಾಗ ಎದುರಿಗೆ ಕೈಯೊಡ್ಡಕೂಡದು. ಎಣ್ಣೆಯು ಚರ್ಮವನ್ನು ತೂರಿ ಒಳಗೆ ಹೋಗುವುದು. ಗಾಯವು ಸೂಜಿಮೊನೆಯಷ್ಟಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹಲವರು ಒಂದೇ ಎಂಜಿನನ್ನು ಸರದಿಯಂತೆ ಬಳಸುವ ಗ್ರಾಮಗಳಲ್ಲಿ, ಬಿತ್ತನೆಗೆ ಮುಂಚೆ ಈ ಪರೀಕ್ಷೆಯನ್ನು ಒಬ್ಬರ ಹೊಣೆಗೆ ಒಪ್ಪಿಸುವುದು ಮುಖಂಡರಿಗೆ ಉಚಿತ. ಎಲ್ಲರಿಗೂ ಸೇರಿದ ಎಂಜಿನನ್ನು ಯಾರೂ ನೋಡದೆ ಹೋಗುವುದೇ ಹೆಚ್ಚು.