ಮನೆ ಸ್ಟುಡಿಯೊ: ಸಾಫ್ಟ್‌ವೇರ್‌ಗೆ ಎಷ್ಟು ಖರ್ಚು ಮಾಡಬೇಕು?

ಸುಗಮ ಸಂಗೀತ ಹಾಡುವವರು, ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವರು, ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತ ಕೊಡುವ ಹುಡುಗರು, ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಯಾವ ಸಾಫ್ಟ್‌ವೇರ್ ಒಳ್ಳೆಯದು? ಅದಕ್ಕೆ ಮೊದಲು ಇನ್ನೆರಡು ಪ್ರಶ್ನೆ ಕೇಳಿಕೊಳ್ಳಿ ಎನ್ನುತ್ತೇನೆ. ನಿಮ್ಮ ಕೆಲಸ ಏನು? ಮುಂದಿನ ಐದು ವರ್ಷ ಅದಕ್ಕೆ ಎಷ್ಟು ಹಣ ತೆಗೆದಿಡಬಲ್ಲಿರಿ?

ನನ್ನ ಕೆಲಸ ಹೆಚ್ಚಾಗಿ ಕಂಠದ ಧ್ವನಿಮುದ್ರಣ. ತಂಬೂರಿಯ ಶ್ರುತಿ, ತಬಲಾ, ಹಾರ್ಮೋನಿಯಂ, ಮೇಲೆ ಹಾಡು. ಚರಣದ ಎರಡನೆಯ ಸಾಲಿನಲ್ಲಿ ಉಸಿರು ಜೋರಾಗಿ ಕೇಳಿಸಿತು ಎನ್ನಿ. ಎರಡು ಆವರ್ತ ಹಿಂದಿನಿಂದ ತಬಲಾ ಓಡಿಸಿ, ಆ ಸಾಲು ಬಂದಾಗ ಮಾತ್ರ ರೆಕಾರ್ಡ್ ಆಗುವಂತೆ ಗುರುತು ಹಾಕಿ, ಮತ್ತೆ ಹಾಡಿಸುತ್ತೇನೆ. ನಾಲ್ಕೈದು ಟೇಕ್ ಒಂದರ ಕೆಳಗೊಂದು ಬಂದು ಕೂರುತ್ತವೆ. ಒಂದರಿಂದ ಮೊದಲ ಪದ, ಇನ್ನೊಂದರಿಂದ ಕೊನೆಯ ಆಲಾಪ ಆರಿಸಿ ಜೋಡಿಸುತ್ತೇನೆ. ಹಾಡು ರೂಪಕ್ ತಾಳದಲ್ಲಿದ್ದರೆ ಪರದೆಯ ಮೇಲಿನ ಗೆರೆಗಳು ಏಳು ಮಾತ್ರೆಗೆ ಹೊಂದಬೇಕು. ಇಷ್ಟು ಸಲೀಸಾಗಿ ನಡೆದರೆ ನನಗೆ ಸಾಕು. ಈ ಕೆಲಸವನ್ನು ರೀಪರ್ ಚೆನ್ನಾಗಿ ಮಾಡುತ್ತದೆ. ಸಂಗೀತದಿಂದ ವರ್ಷಕ್ಕೆ 20,000 ಡಾಲರ್‌ಗಿಂತ ಹೆಚ್ಚು ಗಳಿಸದ ವ್ಯಕ್ತಿಗೆ ಅದರ ಪರವಾನಗಿ 60 ಡಾಲರ್, ಅಂದರೆ ಐದಾರು ಸಾವಿರ ರೂಪಾಯಿ. ಏಳನೆಯ ಆವೃತ್ತಿಗೆ ಕೊಂಡ ಪರವಾನಗಿ ಎಂಟನೆಯದು ಮುಗಿಯುವವರೆಗೂ ನಡೆಯುತ್ತದೆ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಹಗುರವಾಗಿ ಓಡುತ್ತದೆ.

ಆದರೆ ಬೀಟ್ ಕಟ್ಟುವ ಹುಡುಗನಿಗೆ ನಾನು ಇದನ್ನು ಹೇಳುವುದಿಲ್ಲ. ರೀಪರ್ ಜೊತೆ ಬರುವ ವಾದ್ಯಗಳು ತೀರಾ ಕಡಿಮೆ. ಡ್ರಮ್, ಬೇಸ್, ಸಿಂತ್ ಎಲ್ಲವನ್ನೂ ಕಂಪ್ಯೂಟರಿನಲ್ಲೇ ನುಡಿಸುವವರಿಗೆ ಎಫ್‌ಎಲ್ ಸ್ಟುಡಿಯೊ ಕೈಗೆ ಬೇಗ ಒಗ್ಗುತ್ತದೆ. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಉಚಿತ ಎಂಬುದು ಅದರ ದೊಡ್ಡ ಲಾಭ. ಇಲ್ಲೊಂದು ಎಚ್ಚರ ಬೇಕು. ಅದರ ಅತಿ ಅಗ್ಗದ ಫ್ರೂಟಿ ಆವೃತ್ತಿಯಲ್ಲಿ ಮೈಕಿನ ಮುಂದೆ ಹಾಡಿ ಟ್ರ್ಯಾಕ್‌ಗೆ ಇಳಿಸುವ ಸೌಲಭ್ಯ ಇಲ್ಲ. ಹಾಡುಗಾರರಿಗೆ ಬೇಕಾದದ್ದು ಅದರ ಮೇಲಿನ ಪ್ರೊಡ್ಯೂಸರ್ ಆವೃತ್ತಿ, ಬೆಲೆ ಹೆಚ್ಚುಕಡಿಮೆ ಇಮ್ಮಡಿ. ವೇದಿಕೆಯಲ್ಲಿ ತುಣುಕುಗಳನ್ನು ಸ್ಥಳದಲ್ಲೇ ಜೋಡಿಸಿ ನುಡಿಸುವವರು ಏಬಲ್ಟನ್ ಲೈವ್ ಇಷ್ಟಪಡುತ್ತಾರೆ. ಅದರ ಇಂಟ್ರೊ ಆವೃತ್ತಿಯಲ್ಲಿ 16 ಟ್ರ್ಯಾಕ್ ಮಾತ್ರ. ಮನೆಯಲ್ಲಿ ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಉಚಿತ, ಅಲ್ಲಿ ಮಾಡಿದ ಕೆಲಸವನ್ನು ಮುಂದೆ ಲಾಜಿಕ್ ಪ್ರೊನಲ್ಲಿ ತೆರೆಯಬಹುದು. ಮ್ಯಾಕ್ ಇಲ್ಲದವರು ಲಾಜಿಕ್‌ನ ಬೆಲೆ ಜೊತೆಗೆ ಮ್ಯಾಕ್‌ನ ಬೆಲೆಯನ್ನೂ ಕೂಡಿಸಿ ನೋಡಬೇಕು.

ಈಗ ಲೆಕ್ಕಕ್ಕೆ ಬರೋಣ. ತಿಂಗಳಿಗೆ 10 ಡಾಲರ್ ಚಂದಾ ಎಂದರೆ ಸಣ್ಣದಾಗಿ ಕಾಣುತ್ತದೆ. ಐದು ವರ್ಷಕ್ಕೆ ಅದು 600 ಡಾಲರ್. ರೂಪಾಯಿ ಕುಸಿದಂತೆಲ್ಲ ಕಂತು ಏರುತ್ತದೆ, ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಬೇರೆ. ಕಾರ್ಯಕ್ರಮಗಳು ಮದುವೆ, ಗಣೇಶೋತ್ಸವ, ರಾಜ್ಯೋತ್ಸವದ ಸುತ್ತ ಗುಂಪಾಗಿ ಬರುವ ನಮ್ಮಂಥವರಿಗೆ ಆಷಾಢದಲ್ಲೂ ತಪ್ಪದೆ ಕಟ್ಟಬೇಕಾದ ಕಂತು ಭಾರವೇ. ಆದಾಯ ಏರಿಳಿಯುವವರು ಒಂದೇ ಸಲ ಕೊಂಡು ಮುಗಿಸುವ ಸಾಫ್ಟ್‌ವೇರನ್ನೇ ಆರಿಸಿ ಎಂಬುದು ನನ್ನ ಖಚಿತ ಸಲಹೆ.

ಬೆಲೆಪಟ್ಟಿಯಲ್ಲಿ ಕಾಣದ ಇನ್ನೊಂದು ಅಪಾಯವಿದೆ. ಕೇಕ್‌ವಾಕ್ ಸಂಸ್ಥೆ 2016ರಲ್ಲಿ ತನ್ನ ಸೋನಾರ್‌ಗೆ ಜೀವಮಾನವಿಡೀ ಅಪ್‌ಡೇಟ್ ಕೊಡುವುದಾಗಿ ಹೇಳಿ ಮಾರಿತು. ಮಾಲೀಕ ಕಂಪನಿ ಗಿಬ್ಸನ್ 2017ರ ನವೆಂಬರ್‌ನಲ್ಲಿ ಅದರ ಅಭಿವೃದ್ಧಿಯನ್ನೇ ನಿಲ್ಲಿಸಿತು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಉಚಿತವಾಗಿ ಹಂಚಿತು. ಹಣ ಕೊಟ್ಟವರು, ಕೊಡದವರು ಇಬ್ಬರ ಕೈಗೂ ಅದೇ ಸಾಫ್ಟ್‌ವೇರ್ ಬಂತು. ಹೀಗಾಗಿ ಯಾವುದೇ ಸಾಫ್ಟ್‌ವೇರ್ ಬಳಸಿದರೂ ಹಾಡು ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ ಬೇರೆ ಬೇರೆಯಾಗಿ ವೇವ್ ಫೈಲ್ ಮಾಡಿ ತೆಗೆದಿಡುತ್ತೇನೆ. 24 ಬಿಟ್, 48 ಕಿಲೊಹರ್ಟ್ಸ್‌ನ ಮೊನೊ ಟ್ರ್ಯಾಕ್ ನಿಮಿಷಕ್ಕೆ ಒಂಬತ್ತು ಎಂಬಿಯೂ ಆಗುವುದಿಲ್ಲ. ಒಂದು ಹಾರ್ಡ್‌ಡಿಸ್ಕ್‌ನಲ್ಲಿ ವರ್ಷಗಳ ದುಡಿಮೆ ಸುರಕ್ಷಿತ.

ಮೊನ್ನೆ ನನ್ನ ಬಳಿ ಕಲಿಯುವ ಹುಡುಗನೊಬ್ಬ ಕೇಳಿದ: ‘ಅಕ್ಕಾ, ಎಲ್ಲರೂ ಕ್ರ್ಯಾಕ್ ಹಾಕ್ಕೊಳ್ತಾರೆ, ನಾನೂ ಹಾಕ್ಕೊಂಡ್ರೆ ಏನಾಗುತ್ತೆ?’

‘ಅದೇ ಲ್ಯಾಪ್‌ಟಾಪಲ್ಲಿ ಬ್ಯಾಂಕ್ ಪಾಸ್‌ವರ್ಡ್ ಹಾಕ್ತೀಯಲ್ವೇನೋ?’ ಎಂದೆ. ಕ್ರ್ಯಾಕ್ ಫೈಲುಗಳ ಜೊತೆ ಕಳ್ಳ ತಂತ್ರಾಂಶ ಒಳಗೆ ಬರುವುದು ಸಾಮಾನ್ಯ. ನಮ್ಮ ಹಾಡನ್ನು ಯಾರೋ ಕದ್ದು ಹಾಕಿಕೊಂಡರೆ ಎಷ್ಟು ನೋಯುತ್ತೇವೆ! ಸಾಫ್ಟ್‌ವೇರ್ ಬರೆದವರ ದುಡಿಮೆಗೂ ಅದೇ ಮರ್ಯಾದೆ ಸಲ್ಲಬೇಕು. ಉಚಿತವಾಗಿಯೇ ಸಿಗುವ ವೇವ್‌ಫಾರ್ಮ್ ಫ್ರೀ, ಎಲ್‌ಎಂಎಂಎಸ್ ಇರುವಾಗ ಕಳ್ಳಮಾಲಿನ ಅಗತ್ಯವೂ ಇಲ್ಲ.

ಖರ್ಚಿನ ಕ್ರಮವೂ ಮುಖ್ಯ. ಮೊದಲು ಕೋಣೆ: ದಪ್ಪ ಪರದೆ, ಜಮಖಾನ, ಬಟ್ಟೆ ತುಂಬಿದ ಬೀರು, ರೆಕಾರ್ಡ್ ಮಾಡುವಾಗ ಆರಿಸಿದ ಫ್ಯಾನು. ಆಮೇಲೆ ಮೈಕ್, ಆಡಿಯೊ ಇಂಟರ್‌ಫೇಸ್, ಹೆಡ್‌ಫೋನ್. ಇಂಟರ್‌ಫೇಸ್ ಇಲ್ಲದಿದ್ದರೆ ನಮ್ಮದೇ ದನಿ ಕಿವಿಗೆ ತಡವಾಗಿ ಬಂದು ಲಯ ಜಾರುತ್ತದೆ. ಬಫರ್ 1024 ಸ್ಯಾಂಪಲ್ ಇದ್ದಾಗ ಅದೊಂದೇ ಸುಮಾರು 21 ಮಿಲಿಸೆಕೆಂಡ್ ತಡ ಮಾಡುತ್ತದೆ, 128ಕ್ಕೆ ಇಳಿಸಿದರೆ ಮೂರು. ಒಳ್ಳೆಯ ಇಂಟರ್‌ಫೇಸ್ ಆ ಕಡಿಮೆ ಬಫರನ್ನು ಗೊರಗೊರ ಸದ್ದಿಲ್ಲದೆ ನಿಭಾಯಿಸುತ್ತದೆ. ಇಷ್ಟಾದ ಮೇಲೆ ಉಳಿದ ಹಣದಲ್ಲಿ ಸಾಫ್ಟ್‌ವೇರ್.

ಕೊಳ್ಳುವ ಮುನ್ನ ಪರೀಕ್ಷಾ ಅವಧಿಯನ್ನು ಪೂರ್ತಿ ಬಳಸಿಕೊಳ್ಳಿ. ರೀಪರ್ 60 ದಿನ, ಲಾಜಿಕ್ 90 ದಿನ, ಏಬಲ್ಟನ್ 30 ದಿನ ಕೊಡುತ್ತವೆ. ಎಫ್‌ಎಲ್‌ಗೆ ದಿನದ ಮಿತಿಯಿಲ್ಲ, ಆದರೆ ಉಳಿಸಿದ ಕೆಲಸವನ್ನು ಮತ್ತೆ ತೆರೆಯಲು ಕೊಳ್ಳಲೇಬೇಕು. ಆ ಅವಧಿಯಲ್ಲಿ ಒಂದು ಹಾಡನ್ನು ಪಲ್ಲವಿಯಿಂದ ಕೊನೆಯ ಮಿಕ್ಸ್‌ವರೆಗೆ ಮುಗಿಸಿ. ಯಾವುದರಲ್ಲಿ ಹಾಡು ಮುಗಿಯಿತೋ ಅದಕ್ಕೇ ಹಣ ಕೊಡಿ.