ಎರಡು ಗಂಟೆ ಇದ್ದು ಹೋಗುವವರಿಗೆ ಎಷ್ಟು ಬಾಡಿಗೆ?

ಬೆಂಗಳೂರಿನಿಂದ ನಡುರಾತ್ರಿ ಹೊರಟ ಕಾರುಗಳು ಬಣಕಲ್ ತಲುಪುವಾಗ ಬೆಳಗಿನ ಜಾವ ಕಳೆದಿರುತ್ತದೆ. ಧರ್ಮಸ್ಥಳಕ್ಕೆ ಹೋಗುವವರಿಗೆ ಚಾರ್ಮಾಡಿ ಘಾಟಿ ಇಳಿಯುವ ಮುಂಚೆ ಸ್ನಾನ ಮುಗಿಯಬೇಕು. ಎತ್ತಿನಭುಜಕ್ಕೋ ಬಲ್ಲಾಳರಾಯನ ದುರ್ಗಕ್ಕೋ ಹತ್ತುವವರಿಗೆ ಮುಖ ತೊಳೆದು ಬಟ್ಟೆ ಬದಲಿಸಲು ಒಂದು ಜಾಗ ಬೇಕು. ಮಕ್ಕಳು, ವಯಸ್ಸಾದವರು ಜೊತೆಗಿದ್ದರಂತೂ ಬೆನ್ನು ನೆಟ್ಟಗೆ ಮಾಡಲು ಒಂದು ಮಂಚ ಸಿಕ್ಕಿದರೆ ಸಾಕಾಗಿರುತ್ತದೆ. ಆಗ ಈ ರಸ್ತೆಯ ಹೋಂಸ್ಟೇಗಳಿಗೆ ಬರುವ ಫೋನಿನಲ್ಲಿ ಕೇಳುವುದು ಒಂದೇ ಮಾತು: "ಮೇಡಂ, ದಿನದ ಲೆಕ್ಕಕ್ಕೆ ರೂಮು ಬೇಡ. ಎರಡು ಗಂಟೆ ಇದ್ದು, ಫ್ರೆಶ್ ಆಗಿ ಹೊರಡ್ತೀವಿ. ಎಷ್ಟಾಗುತ್ತೆ?"

ಇದಕ್ಕೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಸಿದ್ಧ ಉತ್ತರವಿಲ್ಲ. ಕೆಲವರು ಪೂರ್ತಿ ದಿನದ ಬಾಡಿಗೆ ಹೇಳುತ್ತಾರೆ; ಕಾರು ನಿಲ್ಲದೆ ಮುಂದಕ್ಕೆ ಹೋಗುತ್ತದೆ. ಕೆಲವರು ದಾಕ್ಷಿಣ್ಯಕ್ಕೆ "ಬನ್ನಿ, ಆಮೇಲೆ ನೋಡೋಣ" ಅನ್ನುತ್ತಾರೆ. ಹೊರಡುವ ಹೊತ್ತಿಗೆ ಕೊಡುವವರಿಗೂ ಇರಿಸುಮುರಿಸು, ತೆಗೆದುಕೊಳ್ಳುವವರಿಗೂ ಇರಿಸುಮುರಿಸು. ನಮ್ಮ ಮನೆಯ ಮೂರು ಕೋಣೆಗಳ ಲೆಕ್ಕ ಬರೆಯುವುದು ನಾನೇ ಆದ್ದರಿಂದ ಈ ವಿಷಯದಲ್ಲಿ ನನಗೊಂದು ಖಚಿತ ಅಭಿಪ್ರಾಯವಿದೆ. ಸ್ವಲ್ಪ ಹೊತ್ತು ಇದ್ದು ಹೋಗುವವರಿಗೆ ಬೇರೆಯೇ ದರ ಇರಬೇಕು. ಆ ದರ ನಮ್ಮ ಖರ್ಚನ್ನು ಕೂಡಿ ನೋಡಿ ಇಟ್ಟದ್ದಾಗಿರಬೇಕು, ಎಲ್ಲರಿಗೂ ಕಾಣುವಂತೆ ಬರೆದು ಹಾಕಿರಬೇಕು. ಬಂದವರನ್ನು ಉಪಚರಿಸುವುದಕ್ಕೆ ಮಾತ್ರ ದುಡ್ಡು ಹಿಡಿಯಬಾರದು.

ದಾರಿಹೋಕರಿಗೆ ಜಾಗ ಕೊಡುವುದು ಈ ಊರಿಗೆ ಹೊಸದಲ್ಲ. ಶಿವರಾತ್ರಿ ಹತ್ತಿರ ಬಂದರೆ ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರದ ದಾರಿಯಲ್ಲಿ ಸಾವಿರಾರು ಜನ ಧರ್ಮಸ್ಥಳಕ್ಕೆ ನಡೆದು ಹೋಗುತ್ತಾರೆ. ಅವರಿಗೆ ಮಜ್ಜಿಗೆ, ಪಾನಕ, ಊಟ, ಮಲಗಲು ಜಗಲಿ, ಕಾಲಿನ ಗುಳ್ಳೆಗೆ ಮುಲಾಮು ಎಲ್ಲವನ್ನೂ ದಾರಿಯ ಜನ ಕೈಯಾರೆ ಕೊಡುತ್ತಾರೆ. ಅದಕ್ಕೆ ದರ ಇಡುವ ಯೋಚನೆ ಯಾರಿಗೂ ಬರುವುದಿಲ್ಲ, ಬರಲೂ ಬಾರದು. ನಮ್ಮತ್ತೆಯ ಕಾಲದಲ್ಲಿ ಬಸ್ಸು ತಪ್ಪಿಸಿಕೊಂಡು ಬಾಗಿಲಿಗೆ ಬಂದವರಿಗೂ ಮೊದಲು ಬೆಲ್ಲ ನೀರು, ಆಮೇಲೆ ಮಾತು. ಈಗ ದುಡ್ಡು ತೆಗೆದುಕೊಳ್ಳುವ ನಾವು ಆ ಅಭ್ಯಾಸವನ್ನು ಎಲ್ಲಿ ಉಳಿಸಿಕೊಳ್ಳಬೇಕು, ಎಲ್ಲಿ ವ್ಯಾಪಾರ ಶುರುವಾಗಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡರೆ ಎರಡಕ್ಕೂ ಮರ್ಯಾದೆ.

ಇದನ್ನು ನನಗೆ ಚೆನ್ನಾಗಿ ಬಿಡಿಸಿ ಹೇಳಿದವರು ನಮ್ಮಲ್ಲಿ ತಂಗಿದ್ದ ಒಬ್ಬ ಹಡಗಿನ ಎಂಜಿನಿಯರ್. ಮಂಗಳೂರಿನ ಕಡೆಯವರು, ಬಿಡುವಿನಲ್ಲಿ ಸ್ನೇಹಿತರ ಹಾಯಿದೋಣಿಗಳಲ್ಲಿ ತಿರುಗಾಡುವವರು. ವಿಹಾರದ ದೋಣಿಗಳು ಬಂದು ನಿಲ್ಲುವ ಮರೀನಾಗಳಲ್ಲಿ ಬಾಡಿಗೆಯನ್ನು ಸಾಮಾನ್ಯವಾಗಿ ದೋಣಿಯ ಉದ್ದ ಅಳೆದು, ರಾತ್ರಿಯ ಲೆಕ್ಕದಲ್ಲಿ ಹಾಕುತ್ತಾರಂತೆ. ನಮ್ಮ ಹತ್ತಿರದ್ದು ಅಂದರೆ ಕೊಚ್ಚಿಯ ಬೋಲ್ಗಾಟಿಯಲ್ಲಿ ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮರೀನಾ. ಯುರೋಪಿನ ಎಷ್ಟೋ ಸಣ್ಣ ಬಂದರುಗಳಲ್ಲಿ ಹಗಲು ಕೆಲವು ಗಂಟೆ ದೋಣಿ ಕಟ್ಟಿಕೊಂಡರೆ ಏನೂ ಕೊಡಬೇಕಾಗಿಲ್ಲ, ಅಥವಾ ತೀರಾ ಸಣ್ಣ ಮೊತ್ತ. ದೋಣಿಯವರು ದಡಕ್ಕೆ ಇಳಿದು ಊಟ ಮಾಡುತ್ತಾರೆ, ಸಾಮಾನು ಕೊಳ್ಳುತ್ತಾರೆ. ಊರಿಗೆ ಲಾಭ ಅದರಲ್ಲಿದೆ. ರಾತ್ರಿ ಉಳಿದರೆ ಎಷ್ಟು, ಸ್ನಾನಕ್ಕೆ ಎಷ್ಟು, ಕರೆಂಟಿಗೆ ಎಷ್ಟು ಎಂಬುದು ಬಂದರಿನ ಬೋರ್ಡಿನ ಮೇಲೇ ಇರುತ್ತದೆ. "ಹಗ್ಗ ಹಿಡಿದು ಕಟ್ಟಿಕೊಡಲು ಒಬ್ಬ ಬಂದೇ ಬರುತ್ತಾನೆ. ಅದಕ್ಕೆ ಚಾರ್ಜು ಇಲ್ಲ" ಎಂದರು ಅವರು. ಆ ಮಾತು ನನಗೆ ತುಂಬಾ ಹಿಡಿಸಿತು. ನಮ್ಮ ಗೇಟಿನ ಹತ್ತಿರ ನಿಂತ ಕಾರಿಗೂ ಅದೇ ನಿಯಮ ಸಾಕು.

ಇನ್ನು ಲೆಕ್ಕಕ್ಕೆ ಬರೋಣ.

"ಅರ್ಧ ದಿನಕ್ಕೆ ಅರ್ಧ ಬಾಡಿಗೆ" ಎಂಬುದು ಕೇಳಲು ನ್ಯಾಯವಾಗಿದೆ, ಆದರೆ ಖರ್ಚು ಹಾಗೆ ಅರ್ಧವಾಗುವುದಿಲ್ಲ. ಹಾಸಿಗೆಯ ಮೇಲೆ ಒಬ್ಬರು ಹತ್ತು ನಿಮಿಷ ಮಲಗಿದರೂ ಬೆಡ್‌ಶೀಟು, ದಿಂಬಿನ ಕವರು ಒಗೆಯಲೇಬೇಕು. ಮಲೆನಾಡಿನಲ್ಲಿ ಒಗೆಯುವುದು ದೊಡ್ಡ ಕೆಲಸವಲ್ಲ, ಒಣಗಿಸುವುದು ದೊಡ್ಡ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಹಗ್ಗ ಕಟ್ಟುವ ಮಾತೇ ಇಲ್ಲ. ಒಲೆಯ ಶಾಖಕ್ಕೆ ಒಡ್ಡಿದರೆ ಬಟ್ಟೆಗೆ ಹೊಗೆಯ ವಾಸನೆ ಹಿಡಿಯುತ್ತದೆ. ಒಣಗಿಸುವ ಯಂತ್ರ ಹಾಕಿದರೆ ಮೀಟರು ಓಡುತ್ತದೆ, ಕರೆಂಟು ಹೋದರೆ ಅದೂ ಇಲ್ಲ. ಸರಿಯಾಗಿ ಒಣಗದ ಬಟ್ಟೆಗೆ ಬೂಷ್ಟು ಬಂದರೆ ಅದನ್ನು ಎಸೆಯುವುದೇ. ಹಾಗಾಗಿ ನಮ್ಮಲ್ಲಿ ಬೆಡ್‌ಶೀಟಿನ ಖರ್ಚು ಬೇಸಿಗೆಯಲ್ಲಿ ಒಂದು, ಆಷಾಢದಲ್ಲಿ ಇನ್ನೊಂದು. ಹೋಂಸ್ಟೇ ಶುರುಮಾಡುವ ಹೊಸಬರು ನನ್ನನ್ನು ಕೇಳಿದರೆ, ಮೊದಲು ಬಟ್ಟೆ ಒಣಗಿಸುವ ಜಾಗ ತೋರಿಸಿ, ಆಮೇಲೆ ಕೋಣೆ ತೋರಿಸಿ ಎನ್ನುತ್ತೇನೆ.

ನಮ್ಮ ಪುಸ್ತಕದ ಸರಾಸರಿ ಹೀಗಿದೆ. ಒಂದು ಕೋಣೆಯನ್ನು ಇಬ್ಬರು ಮೂರು ಗಂಟೆ ಬಳಸಿದರೆ ಬೆಡ್‌ಶೀಟು, ಕವರುಗಳ ಒಗೆತಕ್ಕೆ 100, ಟವೆಲ್ಲಿಗೆ 50, ಗುಡಿಸಿ ಒರೆಸುವ ಕೂಲಿ 80, ಬಿಸಿನೀರು, ಕರೆಂಟಿಗೆ 40, ಕಾಫಿಗೆ 20. ಸುಣ್ಣಬಣ್ಣ, ನಲ್ಲಿ ರಿಪೇರಿ ಎಂದು 60 ಎತ್ತಿಟ್ಟರೆ ಒಟ್ಟು 350 ರೂಪಾಯಿ. ರಾತ್ರಿಗೆ ನಮ್ಮ ಬಾಡಿಗೆ ಬೆಳಗಿನ ತಿಂಡಿ ಸೇರಿ 2,800. ಮೂರು ಗಂಟೆಗೆ ನಾವು 900 ತೆಗೆದುಕೊಳ್ಳುತ್ತೇವೆ. ಮಂಚ ಬೇಡ, ಬರೀ ಸ್ನಾನ, ಬಟ್ಟೆ ಬದಲಿಸಲು ಜಾಗ ಸಾಕು ಎನ್ನುವವರಿಗೆ ಕಾಫಿಯನ್ನೂ ಹಿಡಿದು ಖರ್ಚು ತಲೆಗೆ 70ರಷ್ಟು. ಅವರಿಂದ 150 ತೆಗೆದುಕೊಳ್ಳುತ್ತೇವೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಏನೂ ಇಲ್ಲ. ಕಾರು ನಿಲ್ಲಿಸಿದ್ದಕ್ಕೆ ಏನೂ ಇಲ್ಲ. ಡ್ರೈವರ್ ಅಣ್ಣನ ಸ್ನಾನಕ್ಕೂ ಕಾಫಿಗೂ ಏನೂ ಇಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು ಘಾಟಿ ಇಳಿಸಬೇಕಾದ ಮನುಷ್ಯ ಅವನು, ಅರ್ಧ ಗಂಟೆ ಕಾಲು ಚಾಚಿಕೊಳ್ಳಲು ಅವನಿಗೆ ಒಂದು ಮಂಚ ಕೊಡದ ಮನೆ ಎಷ್ಟು ಚೆಂದವಿದ್ದರೂ ನನಗೆ ಹಿಡಿಸುವುದಿಲ್ಲ.

ಕಾಫಿಯ ಖರ್ಚನ್ನು ಪುಸ್ತಕದಲ್ಲಿ ಬರೆಯುತ್ತೇನೆ, ಬಿಲ್ಲಿನಲ್ಲಿ ಬರೆಯುವುದಿಲ್ಲ. ತೋಟದ ಮನೆಗೆ ಬಂದವರಿಗೆ ಕೊಟ್ಟ ಮೊದಲ ಲೋಟ ಕಾಫಿಗೆ ಬೆಲೆ ಕಟ್ಟಿದ ಬಿಲ್ಲೊಂದನ್ನು ಒಮ್ಮೆ ಪ್ರವಾಸದಲ್ಲಿ ನಾನೇ ಕೈಯಲ್ಲಿ ಹಿಡಿದಿದ್ದೇನೆ. ಮೊತ್ತ ಸಣ್ಣದು. ಆದರೆ ಆ ಮನೆಗೆ ಮತ್ತೆ ಹೋಗುವ ಮನಸ್ಸಾಗಲಿಲ್ಲ.

ಮುಖ್ಯವಾದ ಖರ್ಚು ಪುಸ್ತಕದಲ್ಲಿ ಕಾಣಿಸುವುದೇ ಇಲ್ಲ. ಮೂರು ಗಂಟೆಗೆಂದು ಕೊಟ್ಟ ಕೋಣೆ ಐದು ಗಂಟೆಗೆ ಎಳೆದು, ಮಧ್ಯಾಹ್ನ ಬರಬೇಕಾದವರಿಗೆ ಸಿದ್ಧವಾಗದಿದ್ದರೆ 900ಕ್ಕಾಗಿ 2,800 ಕೈಬಿಟ್ಟಂತೆ. ಅದಕ್ಕೇ ನಮ್ಮಲ್ಲಿ ಬೆಳಗಿನ ತಂಗುವಿಕೆ ಒಂಬತ್ತೂವರೆಗೆ ಮುಗಿಯುತ್ತದೆ. ಇದನ್ನು ಫೋನಿನಲ್ಲೇ ಹೇಳುತ್ತೇವೆ. ಇನ್ನೊಂದು ತೊಡಕು: ಶನಿವಾರ ರಾತ್ರಿ ಕೋಣೆಗಳು ತುಂಬಿರುತ್ತವೆ, ಭಾನುವಾರ ಬೆಳಿಗ್ಗೆಯೇ ದಾರಿಹೋಕರೂ ಹೆಚ್ಚು. ಇದಕ್ಕೆ ನಾವು ಹಿತ್ತಲಿನ ಹಳೆಯ ಬಚ್ಚಲುಮನೆಯನ್ನು ಎರಡು ಸ್ನಾನದ ಕೋಣೆ ಮಾಡಿದೆವು. ಹಂಡೆ ಹಳೆಯದೇ, ಸೌದೆ ಮರಗಸಿಯಲ್ಲಿ ಕಡಿದ ಕೊಂಬೆಗಳದ್ದು. ದುರಸ್ತಿಗೆ 60,000 ಹಿಡಿಯಿತು. ಹೊಸದಾಗಿ ಕಟ್ಟಲು ಮೇಸ್ತ್ರಿ ಹೇಳಿದ ಅಂದಾಜು 1,60,000.

ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸವೇ ಈ ಅಂಕಣದ ಹಣಕಾಸಿನ ಪಾಠ ಎಂದುಕೊಳ್ಳಿ. ತಿಂಗಳಿಗೆ ನಾಲ್ಕು ಜನರ ಹತ್ತು ಕಾರು ನಿಂತವು ಎನ್ನೋಣ. ಒಂದು ಕಾರಿನಿಂದ 600 ಬಂದು 280 ಖರ್ಚಾದರೆ ಉಳಿಯುವುದು 320, ತಿಂಗಳಿಗೆ 3,200. ಮಳೆಗಾಲದ ನಾಲ್ಕು ತಿಂಗಳು ಬಿಟ್ಟು ವರ್ಷಕ್ಕೆ 25,600. ದುರಸ್ತಿಗೆ ಹಾಕಿದ ದುಡ್ಡು ಎರಡೂವರೆ ವರ್ಷದೊಳಗೆ ವಾಪಸ್. ಹೊಸದಾಗಿ ಕಟ್ಟಿಸಿದ್ದರೆ ಆರು ವರ್ಷಕ್ಕೂ ಹೆಚ್ಚು. ಆ 1,60,000ವನ್ನು ನೂರಕ್ಕೆ ಹತ್ತರ ಬಡ್ಡಿಗೆ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ 16,000. ಕೈಗೆ ಉಳಿಯುವುದು 9,600. ದಾರಿಹೋಕರ ದುಡ್ಡನ್ನು ನಂಬಿ ಯಾರೂ ಸಾಲ ಮಾಡಬೇಡಿ. ದಾರಿಯೇ ನಿಂತುಹೋಗುವ ವರ್ಷಗಳಿವೆ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿ ಹಲವೆಡೆ ಕುಸಿದು ಸಂಚಾರ ನಿಂತಾಗ ಕೊಟ್ಟಿಗೆಹಾರದ ನೀರ್ ದೋಸೆಯ ಹೋಟೆಲುಗಳಿಂದ ಹಿಡಿದು ನಮ್ಮಂಥವರವರೆಗೆ ಎಲ್ಲರಿಗೂ ಅದರ ಪೆಟ್ಟು ತಟ್ಟಿತು.

ಹಾಗಿದ್ದರೂ ಈ ಸಣ್ಣ ಆದಾಯವನ್ನು ನಾನು ಬಿಡುವುದಿಲ್ಲ. ನಮ್ಮ ತೋಟದ ಕಾಫಿಯ ದುಡ್ಡು ವರ್ಷಕ್ಕೊಮ್ಮೆ, ಕುಯ್ಲು ಮುಗಿದು ಕಣ ಖಾಲಿಯಾದ ಮೇಲೆ ಬರುವಂಥದ್ದು. ಆಳುಗಳ ಬಟವಾಡೆ ವಾರವಾರವೂ ಆಗಬೇಕು. 2025ರ ಆರಂಭದಲ್ಲಿ ಕಾಫಿ ದರ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು, ನಿಜ. 2001, 2002ರಲ್ಲಿ ಕುಯ್ಲಿನ ಕೂಲಿಯೂ ಹುಟ್ಟದಂತೆ ದರ ಬಿದ್ದದ್ದನ್ನು ಕಂಡವರು ಈ ತೋಟಗಳಲ್ಲಿ ಇನ್ನೂ ಇದ್ದಾರೆ. ವಾರಕ್ಕೆ ಎಂಟುನೂರೋ ಸಾವಿರವೋ ಕೈಗೆ ಬರುತ್ತಿದ್ದರೆ ದಿನಸಿಯ ಅಂಗಡಿಯಲ್ಲಿ ಸಾಲ ಬರೆಸುವುದು ತಪ್ಪುತ್ತದೆ.

ಒಂದು ಎಚ್ಚರಿಕೆ: ಈ ಎರಡು ಆದಾಯಗಳನ್ನು ಒಂದೇ ಪುಸ್ತಕದಲ್ಲಿ ಬೆರೆಸಬೇಡಿ. ನಾವೇ ಬೆಳೆದ ಕಾಫಿಯನ್ನು ಸಂಸ್ಕರಿಸಿ ಮಾರಿದರೆ ಆ ಲಾಭದ ನೂರಕ್ಕೆ 25ರಷ್ಟನ್ನು ಮಾತ್ರ ಕೇಂದ್ರದ ಆದಾಯ ತೆರಿಗೆಗೆ ವ್ಯಾಪಾರದ ಆದಾಯವೆಂದು ಹಿಡಿಯುತ್ತಾರೆ, ಹುರಿದು ಪುಡಿ ಮಾಡಿ ಮಾರಿದರೆ 40ರಷ್ಟನ್ನು. ಉಳಿದದ್ದು ಕೃಷಿ ಆದಾಯ. ಹೋಂಸ್ಟೇ ತೋಟದ ನಡುವೆಯೇ ಇದ್ದರೂ ಅದರ ಲಾಭ ಕೃಷಿ ಆದಾಯವಲ್ಲ, ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಜಿಎಸ್‌ಟಿಯ ಮಟ್ಟಿಗೆ, ವರ್ಷದ ವಹಿವಾಟು 20 ಲಕ್ಷ ದಾಟದ ನಮ್ಮಂಥ ಮನೆಗಳು ನೋಂದಣಿ ಮಾಡಿಸಬೇಕಾಗಿಲ್ಲ. ನೋಂದಣಿ ಇಲ್ಲದವರ ಕೋಣೆಯನ್ನು ಆ್ಯಪ್‌ ಮೂಲಕ ಯಾರಾದರೂ ಬುಕ್ ಮಾಡಿದರೆ ತೆರಿಗೆ ಕಟ್ಟುವ ಹೊಣೆ ಆ್ಯಪ್‌ನವರದು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ಆ ತೆರಿಗೆ 12ರಿಂದ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಿಂದ. ಆ್ಯಪ್‌ನವರ ಕಮಿಷನ್ ಬೇರೆ. ನೂರಕ್ಕೆ 18 ಹಿಡಿದರೂ ನಮ್ಮ 2,800ರಲ್ಲಿ 504 ಅವರ ಪಾಲು. ಎರಡು ಗಂಟೆ ಇದ್ದು ಹೋಗುವವರು ನೇರವಾಗಿ ಫೋನ್ ಮಾಡಿ ಬರುವುದರಿಂದ ಅಲ್ಲಿ ಆ ಕಡಿತವಿಲ್ಲ. ಅದರ ಲಾಭವನ್ನು ದರದಲ್ಲಿ ಅವರಿಗೂ ಸ್ವಲ್ಪ ಬಿಟ್ಟುಕೊಡುವುದು ನ್ಯಾಯ.

ಸ್ವಲ್ಪ ಹೊತ್ತಿಗೆ ಬಂದವರೆಂದು ರಿಜಿಸ್ಟರಿನಲ್ಲಿ ಹೆಸರು ಬರೆಸದೆ ಬಿಡಬೇಡಿ. ಗುರುತಿನ ಚೀಟಿ ನೋಡಿ, ವಾಹನದ ನಂಬರು ಬರೆದುಕೊಳ್ಳಿ. ವಿದೇಶದವರು ಉಳಿದರೆ 24 ಗಂಟೆಯೊಳಗೆ ಮಾಹಿತಿ ಸಲ್ಲಿಸಬೇಕು. ಬಂದವರೂ ಇದನ್ನು ಅನುಮಾನವೆಂದು ತಿಳಿಯಬಾರದು. ಮನೆಯವರೇ ಇರುವ ಮನೆಗೆ ಅಪರಿಚಿತರನ್ನು ಕರೆದುಕೊಳ್ಳುವಾಗ ಇಷ್ಟು ಅಗತ್ಯ.

ಬಣಕಲ್‌ನಿಂದ ಕೊಟ್ಟಿಗೆಹಾರದವರೆಗೆ ರಸ್ತೆ ಬದಿಯಲ್ಲಿ ಮನೆ ಇಟ್ಟುಕೊಂಡ ನನ್ನ ನೆರೆಹೊರೆಯವರಲ್ಲಿ ಒಂದು ವಿನಂತಿ. ಸ್ನಾನಕ್ಕೆ ಎಷ್ಟು, ಮೂರು ಗಂಟೆಗೆ ಎಷ್ಟು, ರಾತ್ರಿಗೆ ಎಷ್ಟು ಎಂಬುದನ್ನು ಗೇಟಿನಲ್ಲೇ ಕನ್ನಡದಲ್ಲಿ ಬರೆದು ಹಾಕಿ. ಶನಿವಾರಕ್ಕೆ ಒಂದು, ಮಂಗಳವಾರಕ್ಕೆ ಒಂದು ಮಾಡಬೇಡಿ. ಈ ದಾರಿಯಲ್ಲಿ ಬರುವವರಲ್ಲೂ ಒಂದು ಕೋರಿಕೆ: ನಸುಕಿನಲ್ಲಿ ಗೇಟಿನ ಮುಂದೆ ಹಾರ್ನ್ ಮಾಡುವ ಬದಲು ಹಿಂದಿನ ಸಂಜೆ ಏಳರೊಳಗೆ ಒಂದು ಫೋನ್ ಮಾಡಿ, ಎಷ್ಟು ಜನ, ಎಷ್ಟು ಹೊತ್ತಿಗೆ ಎಂದು ತಿಳಿಸಿ. ಹಂಡೆಗೆ ಬೆಂಕಿ ಹಾಕಿ ನೀರು ಕಾಯಿಸಲು ನಮಗೆ ಒಂದು ಗಂಟೆ ಬೇಕು.